ಮಂಗಳವಾರ, ಶುಕ್ರವಾರದ ಬಸ್ಸು

ಅಬ್ಬಿಕೊಡ್ಲು
ಸೆಪ್ಟೆಂಬರ್ ೧೪, ೨೦೨೫

ಲೋಕೇಶಣ್ಣನಿಗೆ ತಂಗಿ ಪವಿತ್ರಾಳ ನಮಸ್ಕಾರ.

ನಾವು ಕ್ಷೇಮ, ನೀವು ಕ್ಷೇಮವೇ ಎಂದು ಶುರು ಮಾಡಬೇಕಿತ್ತು. ಬರೆದರೆ ಸುಳ್ಳಾಗುತ್ತದೆ. ಗುಡ್ಡದ ತುದಿ ಹತ್ತಿದರೆ ಫೋನು ಸಿಗುತ್ತದೆ, ನಿಜ. ಆದರೆ ಅಲ್ಲಿ ನಿಂತು ಕೂಗಿದ್ದು ಕೆಳಗಿನ ಕೇರಿಗೂ ಕೇಳಿಸುತ್ತದೆ. ಅದಕ್ಕೇ ಕಾಗದ. ನಮ್ಮ ಬಸ್ಸಿನ ಕಂಡಕ್ಟರ್ ಹರಿಹರಣ್ಣ ಇದನ್ನು ಹೊನ್ನಾವರದಲ್ಲಿ ಭಟ್ಕಳ ಬಸ್ಸಿನವರ ಕೈಗೆ ದಾಟಿಸುತ್ತಾನೆ.

ನಿನ್ನ ಭಾವನ ಎರಡೂ ಕಿಡ್ನಿ ಕೈಕೊಟ್ಟಿವೆ. ಈಗ ಹೊನ್ನಾವರದ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಮತ್ತೊಂದು ತಪ್ಪಿದರೆ ಆಮೇಲೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ನಮ್ಮೂರಿಂದ ಹೊರಡುವ ಬಸ್ಸಿಗೆ ಹೋಗುತ್ತೇವೆ, ಸಂಜೆ ಅದೇ ಬಸ್ಸಿಗೆ ಬರುತ್ತೇವೆ. ಈ ಊರಿಗೆ ಇರುವುದು ಅದೊಂದೇ. ರಾತ್ರಿ ಇಲ್ಲೇ ಉಳಿಯುತ್ತದೆ. ಡ್ರೈವರ್, ಕಂಡಕ್ಟರಿಗೆ ಇವತ್ತು ಒಂದು ಮನೆಯಲ್ಲಿ ಊಟ, ನಾಳೆ ಇನ್ನೊಂದು ಮನೆಯಲ್ಲಿ. ಹಾಗೆ ಸಾಕಿಕೊಂಡ ಬಸ್ಸು ಅದು.

ಈಗ ಹರಿಹರಣ್ಣ ಒಂದು ಮಾತು ಹೇಳುತ್ತಿದ್ದಾನೆ. ರೈಲ್ವೆ ಸ್ಟೇಷನ್ನುಗಳಿಗೆ ಹೊಸ ಬಸ್ಸು ಬಿಡಲು ಒಳಊರುಗಳ ಬಸ್ಸು ತೆಗೆಯುತ್ತಾರಂತೆ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಯೋಜನೆ ಹಾಕುವವನು ನಮ್ಮಣ್ಣನೇ ಅಂತೆ. ಹೌದೇನು?

ಪೇಟೆಗೆ ಬಂದು ಮನೆ ಮಾಡಿ ಎಂದು ನೀನು ಮತ್ತೆ ಹೇಳಬೇಡ. ಹೋದ ವರ್ಷ ಊಟಕ್ಕೆ ಕೂತಾಗ ನೀನು, "ಈ ಕಾಡೊಳಗೆ ಬಿದ್ದು ಸಾಯೂಕೆ ನಿಂತಿದ್ಯಾ?" ಅಂದೆ. ಇವರು ಅರ್ಧ ಊಟಕ್ಕೆ ಎಲೆ ಬಿಟ್ಟು ಎದ್ದರು. ಅಲ್ಲಿಂದ ನಿಮ್ಮಿಬ್ಬರಿಗೂ ಮಾತಿಲ್ಲ. ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಬಂಗಾರಿ ಅತ್ತೆಗೆ ಈಗ ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಈ ಅಂಗಳ ಬಿಟ್ಟರೆ ಅವಳಿಗೆ ದಿಕ್ಕು ತಿಳಿಯದು. ತರಕಾರಿ ಗದ್ದೆ ಬಿಟ್ಟರೆ ನಮಗೆ ಅನ್ನವಿಲ್ಲ.

ಬಸ್ಸು ತೆಗೆಯಬೇಡ. ಬೇರೇನೂ ಕೇಳುವುದಿಲ್ಲ.

ನಿನ್ನ ತಂಗಿ,
ಪವಿತ್ರಾ


ಭಟ್ಕಳ
ಸೆಪ್ಟೆಂಬರ್ ೨೨, ೨೦೨೫

ಪವಿತ್ರಾ,

ನಿನ್ನ ಕಾಗದ ಬಂತು. ನಿನ್ನತ್ತಿಗೆ ರೂಪಾ ಓದಿ ಅತ್ತಳು. ಭಾವನಿಗೆ ಇಷ್ಟಾಗಿದೆ ಎಂದು ಇಷ್ಟು ದಿನ ನನಗೊಂದು ಮಾತು ಹೇಳಲಿಲ್ಲ ನೀನು.

ಹರಿಹರ ಹೇಳಿದ್ದು ನಿಜ. ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ, ಎಲ್ಲಿ ನೋಡಿದರೂ ಸ್ಟೇಷನ್ ಪೇಟೆಯಿಂದ ದೂರ. ಪ್ಯಾಸೆಂಜರ್ ರೈಲು ಬಂದು ನಿಲ್ಲುತ್ತದೆ, ಜನ ಇಳಿಯುತ್ತಾರೆ, ಹೊರಗೆ ಬಂದರೆ ರಿಕ್ಷಾ ಬಿಟ್ಟು ಏನೂ ಇಲ್ಲ. ರೈಲಿನ ಹೊತ್ತಿಗೆ ಬಸ್ಸು, ಬಸ್ಸಿನ ಹೊತ್ತಿಗೆ ಇನ್ನೊಂದು ಬಸ್ಸು, ಹೀಗೆ ಕೊಂಡಿ ಹಾಕಬೇಕೆಂದು ಎಷ್ಟೋ ವರ್ಷದಿಂದ ಮೇಲಿನವರ ತಲೆ ತಿಂದಿದ್ದೇನೆ. ಈಗ ಒಪ್ಪಿದ್ದಾರೆ, ಆದರೆ ಹೊಸ ಗಾಡಿ ಕೊಡುವುದಿಲ್ಲ. ಇದ್ದುದರಲ್ಲೇ ಹೊಂದಿಸು ಅನ್ನುತ್ತಾರೆ. ಜನ ಕಡಿಮೆ ಇರುವ ಮಾರ್ಗ ಹುಡುಕಬೇಕು.

ನೀನು ಹೆದರಬೇಡ. ನಿಮ್ಮ ಬಸ್ಸು ತುಂಬಿರುತ್ತದೆ ಎಂದು ನನಗೆ ಗೊತ್ತು, ನಾನೇ ನೇತಾಡಿಕೊಂಡು ಬಂದವನು. ಎಲ್ಲ ಮಾರ್ಗದಲ್ಲೂ ಎರಡು ವಾರ ಜನರನ್ನು ಎಣಿಸುತ್ತಾರೆ, ವಾರದಲ್ಲಿ ಎರಡು ದಿನದಂತೆ. ಯಾವ ದಿನ ಎಂದು ನಿರ್ಧರಿಸುವುದು ನನ್ನ ಕೈಯಲ್ಲಿತ್ತು. ನಿಮ್ಮ ಬಸ್ಸಿಗೆ ಮಂಗಳವಾರ, ಶುಕ್ರವಾರವೇ ಹೋಗಿ ಎಂದು ಹೇಳಿದ್ದೇನೆ. ನಿನಗೆ ಬೇಕಾದ ದಿನವೇ ಎಣಿಸಲಿ, ನೀವಿಬ್ಬರೂ ಆ ಲೆಕ್ಕದಲ್ಲಿ ಬರಲಿ ಎಂದು. ಅಣ್ಣನಾಗಿ ಅಷ್ಟಾದರೂ ಮಾಡಬೇಕಲ್ಲ.

ಭಾವನಿಗೆ ನಾನು ಕೇಳಿದೆ ಎಂದು ಹೇಳು. ಅವನಿಗೆ ಬೇಡವಾದರೆ ಹೇಳಬೇಡ.

ಲೋಕೇಶ


ಅಬ್ಬಿಕೊಡ್ಲು
ಅಕ್ಟೋಬರ್ ೧೨, ೨೦೨೫

ಅಣ್ಣಾ,

ನಿನ್ನ ಕಾಗದ ಓದಿ ಆ ದಿನ ಹೊಟ್ಟೆ ತುಂಬ ಉಂಡೆ. ನೀನು ಕೇಳಿದ್ದನ್ನು ಇವರಿಗೆ ಹೇಳಿದೆ. "ಹ್ಞೂಂ" ಅಂದರು. ನಮ್ಮ ಮನೆಯಲ್ಲಿ ಅದು ದೊಡ್ಡ ಮಾತು.

ಇವರ ನೀರಿನ ಲೋಟ ನಾನು ಅಡಗಿಸಿಡುತ್ತೇನೆ. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಹೇಳಿದ್ದಾರೆ, ಇವರು ಬಾವಿಕಟ್ಟೆಯ ಕಡೆ ಮುಖ ಮಾಡಿ ಕೂರುತ್ತಾರೆ. ಗಂಡ ನೀರು ಕೇಳಿದರೆ ಗದರುವ ಹೆಂಡತಿ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ದೇವರು ಒಂದು ಕಡೆಯಿಂದ ಕಿತ್ತುಕೊಂಡರೆ ಇನ್ನೊಂದು ಕಡೆ ಚೂರು ಕೊಡುತ್ತಾನೆ. ಸ್ವಲ್ಪ ದಿನದಿಂದ ಮಂಗಳವಾರ, ಶುಕ್ರವಾರ ಬಸ್ಸು ಖಾಲಿ. ನಾವಿಬ್ಬರು, ಹರಿಹರಣ್ಣ, ಡ್ರೈವರ್, ಅಷ್ಟೇ. ಇವರಿಗೆ ಹಿಂದಿನ ಉದ್ದ ಸೀಟಿನಲ್ಲಿ ಮಲಗಲು ಜಾಗವಾಗುತ್ತದೆ. ಸಂಜೆ ಬರುವಾಗಲಂತೂ ಮೈಯಲ್ಲಿ ಜೀವ ಇರುವುದಿಲ್ಲ, ವಾಂತಿ ಬೇರೆ. ಯಾರ ಮೈಮೇಲೂ ಬೀಳುವ ಹೆದರಿಕೆಯಿಲ್ಲದೆ ಮನೆ ಸೇರುತ್ತೇವೆ. ಏನೋ ನಮ್ಮ ಪುಣ್ಯ.

ನಿನ್ನ ಎಣಿಸುವವರು ಯಾವಾಗ ಬರುತ್ತಾರೆ? ಬ್ಯಾಗು ಹಾಕಿಕೊಂಡ ಒಬ್ಬ ನಾಲ್ಕು ಸಲ ಬಂದು ಹೋದ. ಅವನು ಟಿಕೆಟ್ ಚೆಕಿಂಗಿನವನು ಎಂದು ಎಲ್ಲರೂ ಹೇಳಿದರು.

ಪವಿತ್ರಾ


ಭಟ್ಕಳ
ಅಕ್ಟೋಬರ್ ೩೦, ೨೦೨೫

ಪವಿತ್ರಾ,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಬ್ಯಾಗಿನವನು ನಮ್ಮವನೇ. ನಿನ್ನ ಕಾಗದ ನನ್ನ ಕೈಗೆ ಬರುವಾಗ ಎಣಿಕೆ ಮುಗಿದು ಮೇಲೆ ಹೋಗಿತ್ತು. ಇಡೀ ತಾಲೂಕಿನಲ್ಲಿ ಎಲ್ಲಕ್ಕಿಂತ ಖಾಲಿ ಬಸ್ಸು ಅಬ್ಬಿಕೊಡ್ಲಿನದು ಎಂದು ಬಂದಿದೆ. ಬೇರೆ ದಿನ ತುಂಬಿರುತ್ತದೆ ಎಂದು ನಾನು ಸಾಹೇಬರ ಮುಂದೆ ಹೇಳಿದೆ. "ದಿನ ಆರಿಸಿದ್ದು ನೀವೇ ಅಲ್ಲವೇ?" ಎಂದರು. ಅಲ್ಲಿ ನನ್ನ ತಂಗಿ ಇದ್ದಾಳೆ ಎಂದೂ ಯಾರೋ ಅವರ ಕಿವಿಗೆ ಹಾಕಿದ್ದಾರೆ. ಇನ್ನು ನಾನೇನು ಹೇಳಿದರೂ ತಂಗಿಗಾಗಿ ಎಂದೇ ಆಗುತ್ತದೆ.

ಸೋಮವಾರದಿಂದ ಬಸ್ಸು ಇಲ್ಲ.

ಭಾವನನ್ನು ಕರೆದುಕೊಂಡು ಇಲ್ಲಿಗೆ ಬಾ. ಅತ್ತೆಯನ್ನೂ ಕರೆದುಕೊಂಡು ಬಾ. ನಿನ್ನ ಕಾಲಿಗೆ ಬೀಳುತ್ತೇನೆ.

ಲೋಕೇಶ


ಅಬ್ಬಿಕೊಡ್ಲು
ನವೆಂಬರ್ ೧೬, ೨೦೨೫

ಲೋಕೇಶನವರಿಗೆ,

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಅಮ್ಮ ಯಾರ ಮೇಲೋ ಹೇಳುತ್ತಿದ್ದಳು. ಅದು ನಿನಗೆ ಎಂದು ಈಗ ತಿಳಿಯಿತು.

ಈಗ ಇವರು ಹೇಗೆ ಹೋಗುತ್ತಾರೆ ಕೇಳು. ಮುಖ್ಯ ರಸ್ತೆಯವರೆಗೆ ಪಕ್ಕದ ಮನೆಯ ಶ್ರೀರಾಮನ ಬೈಕು, ಅಲ್ಲಿಂದ ಹೊನ್ನಾವರಕ್ಕೆ ಬೇರೆ ಬಸ್ಸು. ಹೋಗುವಾಗ ಹಿಡಿದುಕೊಂಡು ಕೂರುತ್ತಾರೆ. ಬರುವಾಗ ಕೈಯಲ್ಲಿ ಬಲವಿಲ್ಲ, ಜಾರಿ ಬೀಳುತ್ತಾರೆ ಎಂದು ಶ್ರೀರಾಮನ ಬೆನ್ನಿಗೆ ಪಂಚೆಯಿಂದ ಕಟ್ಟುತ್ತೇನೆ. ಸೌದೆ ಹೊರೆ ಕಟ್ಟಿದ ಹಾಗೆ. ಹಿಂದೆ ನಾನು ನಡೆದು ಬರುತ್ತೇನೆ. ಆ ಗುಂಡಿ ರಸ್ತೆಯಲ್ಲಿ ಬೈಕು ಒಮ್ಮೆ ಕುಪ್ಪಳಿಸಿದರೆ ಇವರ ತಲೆ ಅವನ ಹೆಗಲಿಗೆ ಬಡಿಯುವುದು ನನಗೆ ದೂರದಿಂದ ಕಾಣುತ್ತದೆ. ಜೀಪಿನವನು ಕೇಳಿದ್ದು ಕೊಡಬೇಕಾದರೆ ಎಮ್ಮೆ ಮಾರಬೇಕು. ಒಂದನ್ನು ಮಾರಿದೆ.

ಮೊನ್ನೆ ಶುಕ್ರವಾರ ಶ್ರೀರಾಮನಿಗೆ ಜ್ವರ. ಹಾಲಿನ ಗಾಡಿಗೆ ಕಾದು ನಿಂತೆವು, ಅದು ಬರಲಿಲ್ಲ. ಸರದಿ ತಪ್ಪಿತು. ಇವರ ಕಾಲು ಊದಿ ಹಲಸಿನ ಕಾಯಿಯಾಯಿತು. ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ಇರುತ್ತಾರೆ. "ನಿನ್ನಣ್ಣಂಗೆ ಬೈಬೇಡ. ಅವ ಬೇಕಂತ ಮಾಡಿದ್ದಲ್ಲ," ಎಂದು ನನಗೇ ಬುದ್ಧಿ ಹೇಳುತ್ತಾರೆ. ಆ ಒಂದು ಮಾತು ಹೇಳಲು ಮೂರು ಸಲ ಉಸಿರು ಎಳೆದುಕೊಂಡರು.

ನಾನು ಬೈಯುತ್ತೇನೆ. ಇವರಿಗೆ ಬಯ್ಯಲು ಶಕ್ತಿಯಿಲ್ಲ, ನನಗಿದೆ.

ಪವಿತ್ರಾ


ಭಟ್ಕಳ
ನವೆಂಬರ್ ೨೫, ೨೦೨೫

ಪವಿತ್ರಾ,

ಬಯ್ಯಿ. ನಾನು ಕೇಳುತ್ತೇನೆ.

ನಿಮ್ಮೂರಿಂದ ತೆಗೆದ ಅದೇ ಬಸ್ಸಿನಲ್ಲಿ ನಿನ್ನೆ ಮುರ್ಡೇಶ್ವರ ಸ್ಟೇಷನ್ನಿಂದ ಬಂದೆ. ಮಾವಳ್ಳಿಯ ಧನ್ಯಾ ಎಂಬ ಹುಡುಗಿ ಕುಮಟೆಯಲ್ಲಿ ನರ್ಸಿಂಗ್ ಕಲಿಯುತ್ತಾಳೆ. ಮೊದಲು ರೈಲು ಇಳಿದರೆ ಕತ್ತಲಲ್ಲಿ ಒಬ್ಬಳೇ ನಡೆಯಬೇಕಿತ್ತಂತೆ. ಈಗ ಬಸ್ಸು ಕಾದಿರುತ್ತದೆ. ಮೀನಿನ ಬುಟ್ಟಿಯ ಹೆಂಗಸರು ಕಂಡಕ್ಟರನ ಜೊತೆ ಜಗಳವಾಡುತ್ತ ಕೂತಿದ್ದರು, ಬಸ್ಸು ತುಂಬಿತ್ತು. ಇದಕ್ಕಾಗಿಯೇ ಅಲ್ಲವೇ ನಾನು ಇಷ್ಟು ವರ್ಷ ಒದ್ದಾಡಿದ್ದು? ಆದರೂ ನನಗೆ ಆ ಬಸ್ಸಿನಲ್ಲಿ ಕೂರಲಾಗಲಿಲ್ಲ. ಯಾರ ಸೀಟಿನಲ್ಲಿ ಕೂತಿದ್ದೇನೆ ಎಂದು ಗೊತ್ತಿತ್ತು. ನಿಂತುಕೊಂಡೇ ಬಂದೆ.

ಒಂದೇ ಒಂದು ನನಗೆ ಅರ್ಥವಾಗುತ್ತಿಲ್ಲ. ಸೋಮವಾರ ಕಾಲಿಡಲು ಜಾಗವಿಲ್ಲದ ಬಸ್ಸು ಮಂಗಳವಾರ ಹೇಗೆ ಖಾಲಿಯಾಗುತ್ತದೆ? ಊರವರೆಲ್ಲ ಒಟ್ಟಿಗೆ ಎಲ್ಲಿ ಹೋಗುತ್ತಿದ್ದರು? ಕೇಳಿ ನೋಡು.

ಲೋಕೇಶ


ಅಬ್ಬಿಕೊಡ್ಲು
ಡಿಸೆಂಬರ್ ೭, ೨೦೨೫

ಅಣ್ಣಾ,

ಕೇಳಿದೆ. ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು.

ಊರಗೌಡ ಚೌಡಜ್ಜನ ಅಂಗಳಕ್ಕೆ ಹೋದೆ. ನಮ್ಮಲ್ಲಿ ಗೌಡನ ಮಾತೆಂದರೆ ಮಾತು, ಕೋಲಕಾರ ಮನೆಮನೆಗೆ ಹೋಗಿ ಹೇಳಿದರೆ ಮುಗಿಯಿತು, ನಿನಗೆ ಗೊತ್ತಿದೆ. ಅಜ್ಜ ಎಲೆಯಡಿಕೆ ಹಾಕುತ್ತ ಕೂತಿದ್ದ. "ಮಂಗಳವಾರ, ಶುಕ್ರವಾರ ನೀವೆಲ್ಲ ಎಂತಕ್ಕೆ ಬಸ್ಸು ಹತ್ತಲಿಲ್ಲ?" ಎಂದು ಕೇಳಿದೆ. ಸುಣ್ಣದ ಡಬ್ಬಿ ಮುಚ್ಚಿಟ್ಟ. ಆಮೇಲೆ ಹೇಳಿದ.

"ನೀನೇ ಅಲ್ದಾ ಒಂದಿನ ಬಸ್ಸಲ್ಲಿ ಕೂಗಾಡಿದ್ದು? ಇವ್ರಿಗೆ ಉಸಿರು ಕಟ್ತದೆ, ಯಾರದಾದ್ರೂ ಕೆಮ್ಮು ಅಂಟಿದ್ರೆ ಜೀವಕ್ಕೇ ಆಪತ್ತು ಅಂತ. ಹೌದು, ಹುಡುಗಿ ಹೇಳೂದು ಸರಿ ಅಂತ ನಾನು ಕೋಲಕಾರನ ಕೈಲಿ ಹೇಳ್ಸಿದೆ. ಆ ಎರಡು ದಿನ ಬಸ್ಸು ನಿನ್ನ ಗಂಡ ಅರುಣಂಗೆ ಬಿಡೂದು. ಪೇಟೆ ಕೆಲ್ಸ ಬೇರೆ ದಿನ ಮಾಡೂದು. ದಾರಿ ಮೇಲಿನ ಬಾಕಿ ಊರವರಿಗೂ ಹೇಳ್ಸಿದ್ದೆ."

"ನಂಗೆ ಎಂತಕ್ಕೆ ಹೇಳಲಿಲ್ಲ ಅಜ್ಜ?"

"ಹೇಳಿದ್ರೆ ನೀನು ಒಪ್ತಿದ್ಯಾ? ನಿಮ್ಮ ದಯೆ ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತಿದ್ದೆ. ನಿನ್ನ ಬಾಯಿ ಊರಿಗೇ ಗೊತ್ತದೆ."

ಅದೂ ನಿಜ. ಒಪ್ಪುತ್ತಿರಲಿಲ್ಲ.

ಬಸುರಿ ಹೆಂಗಸರು ತಪಾಸಣೆಯ ದಿನ ಬದಲಿಸಿಕೊಂಡಿದ್ದಾರೆ. ಒಬ್ಬನು ಕೋರ್ಟಿನ ವಾಯಿದೆಗೆ ಹಿಂದಿನ ದಿನವೇ ಹೋಗಿ ಯಾರ ಮನೆಯ ಜಗಲಿಯಲ್ಲೋ ಮಲಗಿದ್ದಾನೆ. ಹರಿಹರಣ್ಣನಿಗೂ ಗೊತ್ತಿತ್ತಂತೆ, ಅವನೂ ಬಾಯಿ ಬಿಡಲಿಲ್ಲ. ಹತ್ತು ಮಂದಿಯಾದರೂ ಸ್ವಾರ್ಥಿಗಳು ಇದ್ದು ಬಸ್ಸು ಹತ್ತಿದ್ದರೆ ಇವತ್ತು ಬಸ್ಸು ಉಳಿಯುತ್ತಿತ್ತು. ನೀನು ನನ್ನ ಮೇಲಿನ ಪ್ರೀತಿಗೆ ಆ ದಿನವನ್ನೇ ಆರಿಸಿದೆ. ಊರವರು ಇವರ ಮೇಲಿನ ಪ್ರೀತಿಗೆ ಅದೇ ದಿನ ಬಿಟ್ಟುಕೊಟ್ಟರು. ಈಗ ನಾನು ಯಾರಿಗೆ ಬೈಯಲಿ? ಸಿಟ್ಟು ಬಂದರೆ ಕಾರಿ ಹಾಕಲು ಒಂದು ಜಾಗವಾದರೂ ಬೇಕಲ್ಲ ಅಣ್ಣಾ.

ಎಣಿಸಿದ್ದು ಆ ದಿನಗಳಲ್ಲೇ ಎಂದು ಚೌಡಜ್ಜನಿಗೆ ತಿಳಿಸಿದೆ. ಬಾಯಲ್ಲಿದ್ದ ಎಲೆಯಡಿಕೆ ಉಗಿದು ಒಳಗೆ ಹೋದ. ಆಮೇಲೆ ಎರಡು ದಿನ ಹೊರಗೆ ಬರಲಿಲ್ಲವಂತೆ.

ಇವರಿಗೆ ಇನ್ನೊಂದು ಸರದಿ ತಪ್ಪಿತು. ಡಾಕ್ಟರು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಾರೆ. ಏನಾದರೂ ಮಾಡು. ನನಗೆ ಬೇರೆ ಯಾರೂ ಗೊತ್ತಿಲ್ಲ.

ಪವಿತ್ರಾ


ಭಟ್ಕಳ
ಡಿಸೆಂಬರ್ ೧೯, ೨೦೨೫

ಪವಿತ್ರಾ,

ನಿನ್ನ ಕಾಗದ ಹಿಡಿದುಕೊಂಡು ಸಾಹೇಬರ ಮನೆಗೇ ಹೋದೆ. ಓದಿ ಹೇಳಿದೆ. ಅವರು ಕೆಟ್ಟವರಲ್ಲ. ಕಾಗದ ತೆಗೆದುಕೊಂಡು ತಾವೂ ಒಮ್ಮೆ ಓದಿದರು. "ಕಥೆ ಕೇಳಿ ಬಸ್ಸು ಬಿಡಲು ನನಗೆ ಅಧಿಕಾರವಿಲ್ಲ ಲೋಕೇಶ, ಜನ ತೋರಿಸು," ಎಂದರು.

ಕುಮಟಾ ಸ್ಟೇಷನ್ನಿನ ಹೊಸ ಬಸ್ಸನ್ನು ಹದಿನೈದು ದಿನ ನಿಲ್ಲಿಸಿ ನಿಮ್ಮೂರಿಗೆ ಕೊಡುತ್ತಿದ್ದೇನೆ. ಅಲ್ಲಿಯವರು ನನ್ನನ್ನು ಶಪಿಸುತ್ತಾರೆ, ಶಪಿಸಲಿ. ಜನವರಿ ಐದರಿಂದ ಹತ್ತೊಂಬತ್ತರವರೆಗೆ ಪ್ರತಿದಿನ ಎಣಿಸುವವನು ಇರುತ್ತಾನೆ. ಸರಿಯಾಗಿ ಕೇಳು. ಬಸ್ಸು ತುಂಬಿರಬೇಕು, ಹೋಗುವಾಗಲೂ ಬರುವಾಗಲೂ. ಒಂದು ದಿನ ಒಂದು ಟ್ರಿಪ್ಪು ಅರ್ಧಕ್ಕೆ ನಿಂತರೂ, ಯಾವ ಕಾರಣಕ್ಕೇ ಆಗಲಿ, ಅಲ್ಲಿಗೆ ಮುಗಿಯಿತು ಎಂದಿದ್ದಾರೆ. ಆ ರಸ್ತೆಯಲ್ಲಿ ಗಾಡಿ ಓಡುವುದಿಲ್ಲ ಎಂದು ಬರೆಯಲು ಕಾಯುತ್ತಿರುವವರು ಇಲ್ಲಿ ಇದ್ದಾರೆ.

ಆಮೇಲೆ ನಾನು ಬರುತ್ತೇನೆ. ಭಾವನ ಜೊತೆ ಕೂತು ಉಣ್ಣಬೇಕು. ಕೇಳಿ ನೋಡು.

ಲೋಕೇಶ


ಅಬ್ಬಿಕೊಡ್ಲು
ಫೆಬ್ರವರಿ ೧, ೨೦೨೬

ಲೋಕೇಶಣ್ಣನಿಗೆ,

ನೀನು ಬಂದು ಇವರಿಗೆ ಮಣ್ಣು ಕೊಟ್ಟು ಹೋದೆ. ಅಂಗಳದ ತುಂಬ ಜನವಿದ್ದರು. ಹೇಳಬೇಕಾದದ್ದನ್ನು ಹೇಳಲಾಗಲಿಲ್ಲ. ಇದು ನಿನಗೆ ಮಾತ್ರ. ರೂಪತ್ತಿಗೆಗೂ ಬೇಡ.

ನಿನ್ನ ಕಾಗದ ಓದಿ ಹೇಳಿದಾಗ ಇವರು ನಕ್ಕಿದ್ದರು. "ಬರ್ಲಿ. ಬಸ್ಸಲ್ಲೇ ಬರ್ಲಿ, ಒಂದು ತಲೆ ಹೆಚ್ಚಾತು," ಎಂದರು. ಅದನ್ನು ನಿನಗೆ ತಿಳಿಸಲು ತಡ ಮಾಡಿದೆ.

ಚೌಡಜ್ಜ ಮತ್ತೆ ಕೋಲಕಾರನನ್ನು ಮನೆಮನೆಗೆ ಕಳಿಸಿದ್ದ. ಕೆಲಸವಿರಲಿ ಬಿಡಲಿ, ಮನೆಗೊಬ್ಬರಂತೆ ದಿನವೂ ಬಸ್ಸು ಹತ್ತುವುದು. ಗಂಡಸರು ಗದ್ದೆ ಬಿಟ್ಟು ಬಂದರು. ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಇಡೀ ದಿನ ಕಲ್ಲುಬೆಂಚಿನ ಮೇಲೆ ಕೂತು, ಕಟ್ಟಿಕೊಂಡು ಹೋದ ಗಂಜಿ ಉಂಡು, ಸಂಜೆ ಅದೇ ಬಸ್ಸಿಗೆ ವಾಪಸ್ಸು. ಪೊಲೀಸರೊಬ್ಬರು, "ಎಂತಾ ಮುಷ್ಕರ ನಿಮ್ದು?" ಎಂದು ಕೇಳಿದರಂತೆ. ಬಂಗಾರಿ ಅತ್ತೆಯೂ ಹೊರಟಳು. "ಕಣ್ಣು ಕಾಣದವರನ್ನ ಎಣಿಸ್ತ್ರಾ ಇಲ್ವಾ?" ಎಂದು ಎಣಿಸುವವನನ್ನೇ ಕೇಳಿದಳು. ಅವನು ಲೋಕೂರಿನ ಕಡೆಯ ಪ್ರದೀಪ, ಒಳ್ಳೆಯ ಹುಡುಗ, ನಿನಗೆ ಗೊತ್ತಲ್ಲ. ಎಣಿಸ್ತೇವೆ ಅಜ್ಜಿ ಎಂದ.

ಒಂದು ದಿನ ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಹರಿಹರಣ್ಣ ಒಂದು ಮಾತು ಹೇಳಿದ್ದ. ಅವನು ಹಿಂದೆ ಇದ್ದ ಮಾರ್ಗದಲ್ಲಿ ಯಾರೋ ಬಸ್ಸಿನೊಳಗೆ ತೀರಿಕೊಂಡರಂತೆ. ಬಸ್ಸನ್ನು ನಡುದಾರಿಯಿಂದಲೇ ತಿರುಗಿಸಿ ಪೊಲೀಸ್ ಠಾಣೆಗೆ ಒಯ್ದರು, ಟ್ರಿಪ್ಪು ರದ್ದಾಯಿತು ಎಂದ. ಏನೋ ಮಾತಿಗೆ ಮಾತು ಬಂದು ಹೇಳಿದ್ದು.

ಎರಡನೇ ವಾರದ ಶುಕ್ರವಾರ ಡಯಾಲಿಸಿಸ್ ಅರ್ಧಕ್ಕೇ ನಿಲ್ಲಿಸಿದರು. ಬಿ.ಪಿ. ಇಳಿಯುತ್ತಿದೆ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು ಡಾಕ್ಟರು. ಇವರು ನನ್ನ ಸೆರಗು ಹಿಡಿದುಕೊಂಡರು. "ಮನೆಗೆ," ಎಂದರು. ಡಾಕ್ಟರು ಇನ್ನೊಮ್ಮೆ ಹೇಳಿದರು. ಇವರೂ ಇನ್ನೊಮ್ಮೆ ಹೇಳಿದರು. ಗಂಡನ ಮಾತು ಕೇಳುವ ಅಭ್ಯಾಸ ನನಗಿಲ್ಲ, ನೀನು ಬಲ್ಲೆ. ಆ ದಿನ ಕೇಳಿದೆ.

ಬಸ್ಸು ತುಂಬಿತ್ತು. ಕಿಟಕಿಯ ಪಕ್ಕ ಇವರು, ಪಕ್ಕದಲ್ಲಿ ನಾನು. ಅತ್ತೆ ಮುಂದೆ ಹೆಂಗಸರ ನಡುವೆ ಕೂತಿದ್ದಳು. ಸೇತುವೆ ದಾಟಿದ ಮೇಲೆ ಯಾರೋ, ಬಂಗಾರಕ್ಕ ಒಂದು ಹಾಡು ಹೇಳೇ, ಎಂದರು. ಅವಳು ಎತ್ತಿದಳು. ಸುಗ್ಗಿಯ ಹಾಡು, ಉದ್ದದ್ದು. ಉಳಿದವರು ಸೊಲ್ಲಿಗೆ ಸೊಲ್ಲು ಕೂಡಿಸಿದರು. ಪ್ರದೀಪನೂ ಪೆನ್ನು ಜೇಬಿಗೆ ಹಾಕಿ ಕೇಳುತ್ತಿದ್ದ.

ಆ ಹಾಡಿನ ನಡುವೆ ಇವರು ಹೋದರು ಅಣ್ಣಾ. ನನ್ನ ಕೈಯೊಳಗೆ ಕೈ ಇತ್ತು. ಒಮ್ಮೆ ಬಿಗಿ ಹಿಡಿದು ಬಿಟ್ಟರು. ಮೂಗಿನ ಹತ್ತಿರ ಬೆರಳು ಹಿಡಿದೆ, ಎದೆಗೆ ಕಿವಿ ಇಟ್ಟೆ. ಏನೂ ಇಲ್ಲ. ನೀನು ಇದೊಂದನ್ನು ನಂಬಬೇಕು. ಒಂದೆಳೆ ಉಸಿರು ಇದ್ದಿದ್ದರೂ ನಾನು ಬಸ್ಸನ್ನಲ್ಲ, ರೈಲನ್ನೂ ಅಡ್ಡ ನಿಂತು ನಿಲ್ಲಿಸುತ್ತಿದ್ದೆ. ಇರಲಿಲ್ಲ.

ಕೂಗು ಗಂಟಲವರೆಗೆ ಬಂತು. ಕೂಗಿದರೆ ಡ್ರೈವರ್ ಬ್ರೇಕು ಹಾಕುತ್ತಾನೆ. ಬಸ್ಸು ಠಾಣೆಗೆ ತಿರುಗುತ್ತದೆ. ಟ್ರಿಪ್ಪು ಅರ್ಧಕ್ಕೆ ನಿಲ್ಲುತ್ತದೆ. ನನ್ನ ಮುಂದಿನ ಸೀಟಿನಲ್ಲಿ ಮೇಲಿನ ಕೇರಿಯ ಬಸುರಿ ಕೂತಿದ್ದಳು. ಇವರಿಗೆಂದು ಅವಳು ತಪಾಸಣೆಯ ದಿನ ಬದಲಿಸಿಕೊಂಡವಳು. ಅವಳ ಜಡೆಯನ್ನೇ ನೋಡುತ್ತ ಕೂತೆ. ಹುಟ್ಟಿದಾಗಿನಿಂದ ಯಾವತ್ತೂ ಮುಚ್ಚದ ನನ್ನ ಬಾಯನ್ನು ಮುಚ್ಚಿದೆ.

ಪ್ರದೀಪ ಹಿಂದಿನಿಂದ ಎಣಿಸುತ್ತ ಬಂದ. "ಅಣ್ಣಂಗೆ ನಿದ್ರೆನಾ ಅಕ್ಕಾ?" ಎಂದ.

"ಹೌದು. ಈಗ ಹತ್ತಿತು. ಎಬ್ಬಿಸೂದು ಬೇಡ," ಎಂದೆ. ಸೆರಗು ತೆಗೆದು ಇವರ ಮುಖದ ಮೇಲೆ ಹಾಕಿದೆ, ಬಿಸಿಲಿಗೆ ಎಂಬ ಹಾಗೆ. ಬಿಸಿಲು ಇರಲಿಲ್ಲ.

ಅವನು ಇವರನ್ನೂ ಎಣಿಸಿ ಮುಂದೆ ಹೋದ.

ಊರು ಬಂತು, ಎಲ್ಲರೂ ಇಳಿದರು. ಶ್ರೀರಾಮ ಎಂದಿನ ಹಾಗೆ ಎತ್ತಿಕೊಳ್ಳಲು ಬಂದ. ಎತ್ತಿದ ಕೂಡಲೇ ಅವನಿಗೆ ತಿಳಿಯಿತು, ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನೂ ಮಾತಾಡದೆ ಮನೆಯವರೆಗೆ ಹೊತ್ತ. ಮಂಚದ ಮೇಲೆ ಮಲಗಿಸಿದ ಮೇಲೆ ನಾನು ಕೂಗಿದೆ. ಊರೇ ಓಡಿ ಬಂತು. ಮನೆಗೆ ಬಂದ ಮೇಲೆ ಹೋದರು ಎಂದು ಹೇಳಿದೆ. ಎಲ್ಲರೂ ನಂಬಿದ್ದಾರೆ. ಉಳಿದ ದಿನಗಳಲ್ಲೂ ಊರವರು ಬಸ್ಸು ತುಂಬಿಸಿದರು.

ಬಸ್ಸು ಕಾಯಂ ಆಯಿತು ಎಂದು ನಿನ್ನೆ ಹರಿಹರಣ್ಣ ಅಂಗಳಕ್ಕೆ ಬಂದು ಹೇಳಿದ. ಹೇಳಿ ಅತ್ತ. ಆ ಶುಕ್ರವಾರದ ಲೆಕ್ಕದಲ್ಲಿ ಒಂದು ತಲೆ ತಪ್ಪಿದೆ ಎಂದು ನೀನು ಈಗ ತಿದ್ದಲು ಹೋಗಬೇಡ. ಅವರು ಆ ಬಸ್ಸಿನ ಪ್ಯಾಸೆಂಜರೇ.

ಅತ್ತೆ ದಿನವೂ ಒಂದೇ ಮಾತು ಕೇಳುತ್ತಾಳೆ. "ಅವ ನನ್ನ ಹಾಡು ಕೇಳಿದ್ನಾ? ನಿದ್ರೆ ಮಾಡಿದ್ನಾ?"

ಪೂರ್ತಿ ಕೇಳಿದರು ಎಂದು ಹೇಳಿದ್ದೇನೆ. ನೀನು ಬಂದಾಗ ನಿನ್ನನ್ನೂ ಕೇಳಬಹುದು. ನೀನೂ ಹಾಗೇ ಹೇಳು.

ನಿನ್ನ ತಂಗಿ,
ಪವಿತ್ರಾ